ನಾಲ್ಕು ಚಕ್ರಕ್ಕೆ ಎರೆದದ್ದು

ಬೆಂದ ಅಕ್ಕಿಯ ಹಬೆಯ ವಾಸನೆಯಿಂದಲೇ ನನ್ನ ಬಾಲ್ಯ ನೆನಪಾಗುತ್ತದೆ. ಅಪ್ಪ ಸಾಕೆ ಭಟ್ಟಿಯಲ್ಲಿ ದುಡಿಯುತ್ತಿದ್ದರು. ಅವರ ಅಂಗಿಯಲ್ಲಿ, ನಮ್ಮ ಹಾಸಿಗೆಯಲ್ಲಿ, ಚಳಿಗಾಲವಿಡೀ ಆ ಅಕ್ಕಿಮದ್ಯದ ಸಿಹಿ ವಾಸನೆ. ಕೊಗುರೆ ಸತ್ತ ಮಧ್ಯಾಹ್ನ ನನ್ನ ಮೂಗು ಅದನ್ನೇ ಹುಡುಕಿತ್ತು. ಅದು ಬರಲಿಲ್ಲ.

ಜಪಾನಿನ ಗುನ್ಮಾದ ಘಾಟಿಯ ಬುಡದಲ್ಲಿದ್ದ ನೆಗಿಷಿಯ ಗ್ಯಾರೇಜು, ಹಳೆಯ ಪುಟ್ಟ ಕಾರುಗಳಿಗೆ ಕಡಿಮೆ ಖರ್ಚಿನಲ್ಲಿ ವೇಗ ತುಂಬುವುದಕ್ಕೆ ಹೆಸರಾಗಿತ್ತು. ಆ ಬೇಸಿಗೆಯಲ್ಲಿ ಅವನು ಪೆಟ್ರೋಲಿನ ಬದಲು ನೀರಿನಂತೆ ತಿಳಿಯಾದ ಮೆಥನಾಲ್ ಇಂಧನ ಕುಡಿಯುವ ಕಾರು ಕಟ್ಟಿದ್ದ. ಅದನ್ನು ಜನರೆದುರು ಓಡಿಸಬೇಕಾದವನು ಅವನ ಚಾಲಕ ಕೊಗುರೆ. ಹೊಸ ಕಾರಿನ ನಾಲ್ಕೂ ಚಕ್ರಗಳಿಗೆ ಸಾಕೆ ಎರೆದು, ಉಳಿದದ್ದನ್ನು ಎಲ್ಲರೂ ಗುಟುಕು ಗುಟುಕಾಗಿ ಹಂಚಿಕೊಳ್ಳುವುದು ನಮ್ಮ ವಾಡಿಕೆ. ಕೊಗುರೆಯ ಹೆಂಡತಿ, ಅಲ್ಲಿಯೇ ಮೆಕ್ಯಾನಿಕ್ ಆಗಿದ್ದ ಚಿಜು ತಂದಿಟ್ಟ ಬಾಟಲಿ ಹಿಂದಿನ ದಿನದಿಂದ ಗ್ಯಾರೇಜಿನ ದೇವರಗೂಡಿನಲ್ಲಿತ್ತು. ಕೊಗುರೆ ಅದನ್ನು ಎರೆದ. ಪೆಟ್ರೋಲ್ ಮೂಸಿ ಮೂಸಿ ಅವನ ಮೂಗು ಎಂದೋ ಸತ್ತಿತ್ತು. ಗಾಳಿಗೆ ಅರ್ಧ ಅವನ ಬಟ್ಟೆಗೇ ಚಿಮ್ಮಿತು. ಕಾರು ಹತ್ತುವ ಮುನ್ನ ಸಿಗರೇಟು ಹಚ್ಚುವುದು ಅವನ ರೂಢಿ, ಊರಿಗೆಲ್ಲ ಗೊತ್ತು. ಹಚ್ಚಿದ.

ಆಮೇಲೆ ಕುಣಿಯತೊಡಗಿದ.

"ಹಾಕು ಹೆಜ್ಜೆ, ಹಾಕು!" ಎಂದು ಚಪ್ಪಾಳೆ ತಟ್ಟಿದವನು ಮೆಥನಾಲ್ ಮಾರುವ ಓಗಾತಾ. ಜನ ನಕ್ಕರು. ಸುಡುಬಿಸಿಲಿನಲ್ಲಿ ಮೆಥನಾಲಿನ ಜ್ವಾಲೆ ಕಣ್ಣಿಗೆ ಕಾಣುವುದಿಲ್ಲ. ಕೊಗುರೆಯ ಅಂಗಿ ಕಪ್ಪಾಗಿ ಉದುರುವವರೆಗೂ ನಗು ನಿಲ್ಲಲಿಲ್ಲ.

ಶವಸಂಸ್ಕಾರದ ಮರುದಿನ ಚಿಜು ನಮ್ಮ ಮನೆಗೆ ಬಂದಳು. ನಮ್ಮ ಮಹಡಿಯಲ್ಲಿ ಬಾಡಿಗೆಗಿದ್ದ ಉತ್ಸುಗಿ-ಸಾನ್ ಅಗ್ನಿಶಾಮಕ ದಳದ ನಿವೃತ್ತ ತನಿಖೆಗಾರರು. ಊರಿನ ಕಗ್ಗಂಟುಗಳೆಲ್ಲ ಅವರ ಬಳಿಗೇ ಬರುತ್ತಿದ್ದವು.

"ಕಾರಿನ ಮೆಥನಾಲ್ ಕೊಳವೆ ಜೋಡ್ಸಿದ್ದು ನಾನು. ಅದು ಸೋರಿ ಬೆಂಕಿ ಹತ್ತಿತಂತೆ. ಗಂಡನ್ನ ಸುಟ್ಟೋಳು ಅಂತಾರೆ ಅತ್ತೆ. ನಾಳೆ ಪೊಲೀಸ್ರು ಕರ್ಕೊಂಡ್ ಹೋಗ್ತಾರೆ. ನಾನು ಸರಿಯಾಗೇ ಬಿಗಿದಿದ್ದೆ!"

"ಊಟ ಮಾಡ್ದೆಯಾ?" ಎಂದರು ಉತ್ಸುಗಿ-ಸಾನ್.

"ಬೆಳಗಾದ್ರೆ ಕೈ ತಾನೇ ಎರಡು ಡಬ್ಬಿ ಕಟ್ಟುತ್ತೆ. ಒಂದೂ ತಿನ್ನೋಕಾಗಲ್ಲ."

ಗ್ಯಾರೇಜಿನಲ್ಲಿ ಉತ್ಸುಗಿ-ಸಾನ್ ಕೊಳವೆಯತ್ತ ತಿರುಗಿಯೂ ನೋಡದೆ ಚಕ್ರಗಳ ಬಳಿ ಕುಕ್ಕರಗಾಲಲ್ಲಿ ಕೂತರು. ನಾಲ್ಕೂ ಟೈರುಗಳ ಹೊರಮೈ ಸುಟ್ಟಿತ್ತು. ಎರೆದಾಗ ಸಾಕೆಯ ವಾಸನೆ ಬಾರದ ವಿಷಯ ಹೇಳಿ, ಅಂದು ಕಾರಿನಡಿಯಿಂದ ಎತ್ತಿಟ್ಟುಕೊಂಡಿದ್ದ ಬಾಟಲಿಯನ್ನು ಅವರಿಗೆ ಕೊಟ್ಟೆ. ತಳದ ಹನಿಯನ್ನು ಬಿಸಿಲಲ್ಲಿ ಕಲ್ಲಿನ ಮೇಲೆ ಸುರಿದು ಕಡ್ಡಿ ಗೀರಿದರು. ಏನೂ ಕಾಣಲಿಲ್ಲ. ಮೇಲೆ ಹಿಡಿದ ಒಣ ಎಲೆ ಮಾತ್ರ ಮುರುಟಿ ಕಪ್ಪಾಯಿತು.

"ನಿಮ್ಮ ಮೂಗಿಗೊಂದು ಪಿಂಚಣಿ ಕೊಡ್ಬೇಕು, ತಾಯೆ-ಸಾನ್," ಎಂದು ನನ್ನ ಹೆಸರು ಹಿಡಿದು ಹೇಳಿದರು.

ಸಂಜೆ ನೆಗಿಷಿ, ಓಗಾತಾ, ಚಿಜು ಮತ್ತು ಪೇದೆಯನ್ನು ನಮ್ಮ ಮನೆಗೆ ಕರೆಸಿದರು. "ಅವತ್ತು ಕುಡಿಯೋದು ಉಳ್ದೋಯ್ತು. ಇದು ಅದೇ ಬಾಟ್ಲಿ. ಕೊಗುರೆ ಹೆಸ್ರಲ್ಲಿ ಒಂದೊಂದು ಗುಟುಕು."

ಓಗಾತಾ ಒಂದೇ ಗುಟುಕಿಗೆ ಇಳಿಸಿದ. ಚಿಜು ಎರಡೂ ಕೈಯಲ್ಲಿ ಬಟ್ಟಲೆತ್ತಿ ಕುಡಿದಳು. ನೆಗಿಷಿ ತನ್ನ ಬಟ್ಟಲನ್ನು ಪಕ್ಕಕ್ಕೆ ಸರಿಸಿದ.

"ಡಾಕ್ಟ್ರು ಬೇಡ ಅಂದಿದಾರೆ."

"ನಿನ್ನೆ ಬಾರಲ್ಲಿ ಕುಡ್ದು ಹಾಡ್ತಿದ್ಯಲ್ಲೋ ಮಾರಾಯ!" ಓಗಾತಾ ನಕ್ಕ.

"ಕೊಳವೆ ಸೋರಿದ್ರೆ ಒಂದು ಕಡೆ ಸುಡುತ್ತೆ," ಎಂದರು ಉತ್ಸುಗಿ-ಸಾನ್. "ಸುಟ್ಟಿದ್ದು ನಾಲ್ಕೂ ಚಕ್ರ. ಅಂದ್ರೆ ಬೆಂಕಿ ಇದ್ದದ್ದು ಬಾಟ್ಲಿಲಿ. ಸಾಕೆ ಚೆಲ್ಲಿ ಮೆಥನಾಲ್ ತುಂಬಿದ್ರು. ಹಾಗಂತ ಗೊತ್ತಿದ್ದೋನು ಮಾತ್ರ ಇವತ್ತು ಕುಡಿಯಲ್ಲ. ನೆಗಿಷಿ-ಸಾನ್, ಲೀಟರ್‌ಗೆ ಅರ್ಧ ರೇಟು ಅಂತ ಸಾರ್ತಿದ್ರಿ. ಆದ್ರೆ ಅಷ್ಟೇ ದಾರಿಗೆ ಎರಡರಷ್ಟು ಕುಡಿಯುತ್ತೆ ಆ ಕಾರು; ಎಂಜಿನ್ ಬದಲಾಯಿಸೋ ಖರ್ಚು ಬೇರೆ. ಕೊಂಡವನಿಗೆ ಉಳಿಯೋದೇನು ಅಂತ ಕೊಗುರೆ ಜನರೆದುರೇ ಹೇಳೋನಿದ್ದ, ಚಿಜುನೇ ಹೇಳಿದ್ಲು. ಅದಕ್ಕೇ ಅವನ ಬಾಯಿ ಮುಚ್ಚಿಸಿದ್ರಿ."

"ಹೌದು, ನನ್ನೆದುರೇ ಜಗಳ ಆಗಿತ್ತು," ಎಂದ ಓಗಾತಾ. ಅವನ ನಗು ಬತ್ತಿತ್ತು. ತನ್ನ ಖಾಲಿ ಬಟ್ಟಲನ್ನು ನೋಡಿ ಬೆವತ.

"ಹೆದರ್ಬೇಡ, ಅದು ಒಳ್ಳೆ ಸಾಕೆ. ಬಾಟ್ಲಿ ತೊಳೆದು ನಾನೇ ತುಂಬಿದ್ದು. ಆದ್ರೆ ಅದು ಇವರಿಗೆ ಗೊತ್ತಿರ್ಲಿಲ್ಲ." ಉತ್ಸುಗಿ-ಸಾನ್ ನೆಗಿಷಿಯತ್ತ ತಿರುಗಿದರು. "ಒಂದು ಗುಟುಕಿಗೆ ಕಣ್ಣು ಹೋಗೋ ವಿಷ ಅಂತ ತಿಳ್ಕೊಂಡು, ಈ ಹುಡುಗಿ ಕುಡಿಯೋದನ್ನ ಸುಮ್ನೆ ನೋಡ್ತಾ ಕೂತಿದ್ರಿ."

ನೆಗಿಷಿ ಚಿಜುವಿನ ಕಡೆ ನೋಡಲಿಲ್ಲ. "ಅವಳೂ ಹೋಗಿದ್ರೆ ಕೇಳೋರ್ಯಾರಿದ್ರು," ಎಂದ. ಪೇದೆ ಎದ್ದು ನಿಂತ.

ಮರುದಿನ ಮಧ್ಯಾಹ್ನ ಓಗಾತಾ ಚಿಜುವಿನ ಬಾಗಿಲಲ್ಲಿ ನಿಂತಿದ್ದ. ಚಪ್ಪಾಳೆ ತಟ್ಟಿದ ಕೈಗಳನ್ನು ಕಂಕುಳಲ್ಲಿ ಅವಿತಿಟ್ಟಿದ್ದ. ಚಿಜು ಒಳಗೆ ಹೋಗಿ, ಗಂಡನಿಗೆಂದು ಕಟ್ಟಿದ್ದ ಡಬ್ಬಿಯನ್ನು ತಂದು, ಆ ಕೈಗಳಲ್ಲಿ ಇಟ್ಟಳು.