ನಲವತ್ತೊಂದನೆಯ ಸೀಸೆ

ಸುಳ್ಳು ಹೇಳಿ ಬಡವರ ರಕ್ತ ತೆಗೆಯುವುದನ್ನೂ ನೀವು ವಿದ್ಯೆಯೆಂದೇ ಕರೆಯುತ್ತೀರಾ? ೧೯೮೩ರಲ್ಲಿ ನಾನು ಕರೆದೆ. ವಂಶವಾಹಿಗಳ ಸಂಶೋಧನೆಗೆ ನಮ್ಮೂರು ಮರಳಿಗೆ ಬಂದ ತಂಡಕ್ಕಾಗಿ, ಶಾಲೆಯ ಮಾಸ್ತರನಾದ ನಾನೇ ಜನರನ್ನು ಕೂಡಿಸಿ, ಜ್ವರದ ತಪಾಸಣೆಯೆಂದು ನಂಬಿಸಿದೆ.

ನಿಜ ತಿಳಿದ ಮುದುಕಿ ಮಾರೆವ್ವ ಮರುದಿನವೇ ಶಾಲೆಗೆ ಬಂದಳು. "ನನ್ನ ರಕ್ತ ನನಗ ಕೊಡ್ರಿ ಮಾಸ್ತರ. ಮಣ್ಣಿಗೆ ಹೋಗೂಮುಂದ ಮೈ ಪೂರಾ ಇರಬೇಕು."

"ಚಮಚಾ ರಕ್ತಕ್ಕ ಇಷ್ಟು ರಂಪ ಏನವ್ವ?" ಎಂದು ನಕ್ಕೆ.

"ನಗ್ರಿ, ನಗ್ರಿ. ರಕ್ತ ನಿಮ್ಮದಲ್ಲಲ್ಲ."

ಮೂರನೆಯ ದಿನ ಅವಳು ತೀರಿಕೊಂಡಳು. ಮಣ್ಣು ಮಾಡಿ ಬಂದ ಮಧ್ಯಾಹ್ನ, ಜೀಪು ಬರುವವರೆಗೆ ನನ್ನ ವಶದಲ್ಲಿದ್ದ ಮಂಜುಗಡ್ಡೆಯ ಪೆಟ್ಟಿಗೆಯನ್ನು ತೆರೆದೆ. ರಕ್ತದ ಎಲ್ಲ ಸೀಸೆಗಳೂ ಕೊರೆಯುತ್ತಿದ್ದವು. ಅವಳ ನಲವತ್ತೊಂದನೆಯದು ಮಾತ್ರ ಅಂಗೈಯಷ್ಟು ಬೆಚ್ಚಗಿತ್ತು. ಗಂಗಾವತಿಯಿಂದ ಹೊಸ ಮಂಜುಗಡ್ಡೆ ತರಿಸಿ ತುಂಬಿದೆ. ಶಾಲೆ ಬಿಡುವ ಹೊತ್ತಿಗೆ ಅದರ ಸುತ್ತಲಷ್ಟೇ ಕರಗಿ, ಬೆರಳು ಹೋಗುವಷ್ಟು ಸಂದಾಗಿತ್ತು. ಜೀಪಿನವರಿಗೆ ಹೇಳಲು ನಾಚಿ, ಹಾಗೆಯೇ ಕೊಟ್ಟು ಕಳಿಸಿದೆ.

ಮೂರು ವರ್ಷದ ಮೇಲೆ ಆ ತಂಡದವರ ಕಾರ್ಡು ಬಂತು: "ನಲವತ್ತೊಂದನೆಯ ಸೀಸೆ ಇನ್ನೂ ತಣ್ಣಗಾಗುತ್ತಿಲ್ಲ. ಹೇಗೆ ಕಟ್ಟಿದ್ದಿರಿ, ತಿಳಿಸಿ." ಹಿಂತಿರುಗಿಸಿರೆಂದು ಬರೆದೆ, ಉತ್ತರವಿಲ್ಲ.

ಅವಳ ಗೋರಿಯ ಬದಿಗೆ ಗೇಣುದ್ದದ ಕುಣಿ ತೋಡಿಟ್ಟಿದ್ದೇನೆ. ಓದುಗರೇ, ಯಾವುದಾದರೂ ಪ್ರಯೋಗಾಲಯದ ಶೀತಪೆಟ್ಟಿಗೆಯಲ್ಲಿ ಬೆಚ್ಚನೆಯ ಸೀಸೆಯೊಂದು ನಿಮ್ಮ ಕೈಗೆ ತಾಗಿದರೆ, ದಯವಿಟ್ಟು ಅದನ್ನು ಮರಳಿಗೆ ತಂದುಕೊಡಿ.