ಹಸಿರು ಮುಖದ ಕಾಪಿ

ಸೋಲ್ಡರಿಂಗ್ ಕಡ್ಡಿ ನನ್ನ ಎಡಗಣ್ಣಿಗೆ ಒಂದೇ ಅಂಗುಲ ದೂರದಲ್ಲಿತ್ತು. ರೆಪ್ಪೆಯ ಕೂದಲು ಸುಟ್ಟ ವಾಸನೆ ಮೂಗಿಗೆ ಬಡಿಯಿತು.

"ಅಲ್ಲಾಡಬೇಡ," ಎಂದ ಜಿವಾ. "ನಿನ್ನನ್ನ ಕಳಿಸಿದ್ದು ಯಾರು?"

"ನಕಿಮೆರಾ ಅಮ್ಮಾವ್ರು."

ಆ ಹೆಸರು ಕೇಳಿದರೆ ಕಂಪಾಲಾದಲ್ಲಿ ಎಂಥವನ ಕೈಯೂ ಸಡಿಲವಾಗುತ್ತದೆ. ಮಣಿಕಟ್ಟು ಹಿಡಿದು ತಿರುಚಿದೆ. ಅವನ ಕಡ್ಡಿಯನ್ನು ಅವನ ಕೆನ್ನೆಗೇ ಒತ್ತಿದೆ. ಕಿಸೆನ್ಯಿ ಕೇರಿಯ ಗೂಡಂಗಡಿಯಲ್ಲಿ ಕೇಬಲ್ ರಿಪೇರಿ ಮಾಡಿಕೊಂಡಿದ್ದ ಮುದುಕ. ಚೂರೂ ಕರುಣೆ ಬರಲಿಲ್ಲ, ಸುಳ್ಳು ಯಾಕೆ ಹೇಳಲಿ?

ಯಾವ ಕೇಬಲ್ ಕೊಳ್ಳಲಿ ಎಂದು ಕೇಳಿದಿರಲ್ಲ... ಕೂತುಕೊಂಡು ಕೇಳಿ.

ನಾನು ಕಸಿರ್ಯೆ. ಹಿಂದೆ ಪೊಲೀಸ್. ಆಮೇಲೆ ನಕಿಮೆರಾಳ ಕೆಲಸದವನು. ಊರಿನ ಅರ್ಧ ವಿಡಿಯೊ ಹಾಲ್‌ಗಳು ಅವಳವು. ಅವಳ ಹೊಸ ಸಿನಿಮಾ ಶುಕ್ರವಾರ ಬಿಡುಗಡೆಯಾಗಬೇಕಿತ್ತು. ಮಂಗಳವಾರವೇ ಟ್ಯಾಕ್ಸಿ ಪಾರ್ಕಿನಲ್ಲಿ ಎಲ್ಲರ ಫೋನಿನಲ್ಲೂ ಓಡುತ್ತಿತ್ತು!

"ವೈರು ಚುಚ್ಚಿದ ಕೈ ಯಾವುದೋ ಅದನ್ನ ತಂದುಕೊಡು," ಎಂದಳು.

ಅವಳು ಕೈ ಎಂದರೆ ಕೈಯೇ. ಹಿಂದಿನ ವರ್ಷ ಕಾಪಿ ಮಾರಿದವನೊಬ್ಬನ ಬೆರಳುಗಳನ್ನು ಪಿಕಪ್ಪಿನ ಬಾಗಿಲಿಗೆ ಇಡಿಸಿದ್ದಳು. ಬಾಗಿಲು ಹಾಕಿದವನು ನಾನೇ.

ಸಿನಿಮಾ ಇದ್ದದ್ದು ಬೀಗ ಹಾಕಿದ ಪುಟ್ಟ ಪೆಟ್ಟಿಗೆಯಲ್ಲಿ. ಎಚ್‌ಡಿಎಂಐ ಕೇಬಲ್ ಹಾಕಿದರೆ ಪೆಟ್ಟಿಗೆ ಮೊದಲು ಟಿವಿಯ ಗುರುತು ಕೇಳುತ್ತದೆ. ಸರಿಯಾದ ಟಿವಿಯಾದರೆ ಚಿತ್ರ ಬರುತ್ತದೆ. ಕಾಪಿ ಮಾಡುವ ಯಂತ್ರವಾದರೆ ಕಪ್ಪು ಪರದೆ. ಗುರುತು ಹೇಳಲು ಬಾರದ ಹಳೆಯ ಟಿವಿಯಾದರೂ ಕಪ್ಪು ಪರದೆಯೇ. ಆದರೆ ಪೆಟ್ಟಿಗೆಯ ಹಿಂದೆ ಇನ್ನೂ ಮೂರು ತೂತುಗಳಿದ್ದವು. ಕೆಂಪು, ಹಸಿರು, ನೀಲಿ. ಹಳೆಯ ಮೂರು ಮೊನೆಯ ಕೇಬಲ್‌ಗೆ. ಅದು ಯಾರ ಗುರುತನ್ನೂ ಕೇಳುವುದಿಲ್ಲ, ಚಿತ್ರವೂ ಹೆಚ್ಚುಕಡಿಮೆ ಅಷ್ಟೇ ಚೊಕ್ಕ. ಅದನ್ನು ಯಾರೂ ಮುಟ್ಟಕೂಡದು ಎಂದು ನಕಿಮೆರಾ ಕಟ್ಟಪ್ಪಣೆ ಮಾಡಿದ್ದಳು.

ಕಳ್ಳ ಕಾಪಿ ಚೊಕ್ಕವಾಗಿಯೇ ಇತ್ತು. ಮುಂದೆ ಕುಳಿತವರ ತಲೆಗಳಿಲ್ಲ, ಕೆಮ್ಮಿಲ್ಲ. ಆದರೆ ನಾಯಕಿಯ ಮುಖ ಬಾಳೆಕಾಯಿಯ ಹಾಗೆ ಹಸಿರು. ಮೂರು ಮೊನೆಯ ಕೇಬಲ್, ಅದರಲ್ಲಿ ಕೆಂಪು ಸತ್ತಿದೆ.

ಆ ಹಸಿರು ನನಗೆ ಗುರುತಿದ್ದ ಹಸಿರು. ಕಂಡೂ ಕಾಣದವನಂತೆ ಇದ್ದೆ.

ಜಿವಾನ ಅಂಗಡಿಗೆ ಬರೋಣ. ಅಂಥ ಹಳೆಯ ಕೇಬಲ್‌ಗೆ ಬೆಸುಗೆ ಹಾಕುವವನು ಊರಿಗೆಲ್ಲ ಅವನೊಬ್ಬನೇ.

"ಕೆಂಪು ಕೆಟ್ಟ ಕೇಬಲ್ ಯಾರದು?" ಎಂದೆ.

ಕೆನ್ನೆ ಬೇಯುತ್ತಿದ್ದರೂ ಮುದುಕ ನಕ್ಕ. "ಹಳದಿ ಟೇಪ್ ಸುತ್ತಿದ್ದು ತಾನೇ? ತಿಂಗಳಿಗೊಂದ್ಸಲ ಅದಕ್ಕೆ ಬೆಸುಗೆ ಹಾಕ್ಸೋಕೆ ಬರ್ತಿದ್ದವನು ನೀನೇ ಅಲ್ವೇನಯ್ಯ ಕಸಿರ್ಯೆ?"

ಕಡ್ಡಿ ಕೆಳಗಿಟ್ಟೆ.

ಮಿಕ್ಕಿದ್ದನ್ನು ಅವನೇ ಕಕ್ಕಿದ. ವಿಜೆ ಕಯೊಂಡೊ ತನ್ನ ರಿಕಾರ್ಡರನ್ನು ರಿಪೇರಿಗೆ ತಂದಿದ್ದನಂತೆ. ಒಳಗೆ ಸಿನಿಮಾ ಇತ್ತಂತೆ. ಇವನು ಇಳಿಸಿಕೊಂಡು ಮಾರಿದನಂತೆ.

"ಹೋಗಿ ಹೇಳು," ಎಂದ. "ನೀನು ನನ್ನ ಹೆಸರು ಹೇಳು, ನಾನು ಕೇಬಲ್ ಯಾರದು ಅಂತ ಹೇಳ್ತೀನಿ. ಇಬ್ರ ಬೆರಳೂ ಒಂದೇ ಬಾಗಿಲಲ್ಲಿ ಹೋಗ್ಲಿ."

ಕಯೊಂಡೊ... ನಮ್ಮ ಹಾಲ್‌ಗಳಲ್ಲಿ ಸಿನಿಮಾದ ಸದ್ದು ತಗ್ಗಿಸಿ, ಮೈಕ್ ಹಿಡಿದವನೊಬ್ಬ ಕತೆಯನ್ನೆಲ್ಲ ನಮ್ಮ ಲುಗಾಂಡಾ ಭಾಷೆಯಲ್ಲಿ ಹೇಳುತ್ತಾನಲ್ಲ, ಆ ವಿಜೆ ಕೆಲಸದಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಅಭ್ಯಾಸಕ್ಕೆಂದು ಪೆಟ್ಟಿಗೆಯನ್ನು ಅವನ ಮನೆಗೆ ಒಯ್ದವನು ನಾನೇ. ಹಳೆಯ ಟಿವಿ. ಎಚ್‌ಡಿಎಂಐ ಹಾಕಿದರೆ ಬರೀ ಕಪ್ಪು. ಅವನು ಗೋಗರೆದ. ನನ್ನ ಚೀಲದಲ್ಲಿದ್ದ ಹಳದಿ ಟೇಪಿನ ಕೇಬಲ್ ತೆಗೆದುಕೊಟ್ಟೆ. ಆ ವರ್ಷ ನಾನು ಮಾಡಿದ ಒಂದೇ ಒಂದು ಉಪಕಾರ ಅದು.

ಆ ಕೇಬಲ್ ಅವಳ ಕೈಗೆ ಸಿಕ್ಕರೆ ನನ್ನ ಬೆರಳುಗಳು ಹೋದವು!

ಬಾಡಿಗೆಯ ಬೋಡಾ ಬೈಕ್ ಹತ್ತಿದೆ. ನಾಲ್ಕು ತಿರುವು ದಾಟುವಷ್ಟರಲ್ಲಿ ಹಿಂದೆ ಕೆಂಪು ಪಿಕಪ್ ಕಾಣಿಸಿತು. ನಕಿಮೆರಾ ನನ್ನನ್ನೂ ನಂಬಿರಲಿಲ್ಲ. ಬೈಕ್ ಎರಡು ಟ್ಯಾಕ್ಸಿಗಳ ನಡುವೆ ತೂರಿತು, ಕಾಲುದಾರಿ ಹತ್ತಿತು. ಚಪಾತಿ ಮಾರುವವಳ ಕಾದ ಕಾವಲಿ ಅವಳ ಕಾಲ ಮೇಲೆ ಬಿತ್ತು. ಕಿರುಚಾಟ ಕೇಳಿಸಿತು. ನಾನು ತಿರುಗಿ ನೋಡಲಿಲ್ಲ.

ಕಯೊಂಡೊ ನನ್ನನ್ನು ನೋಡಿ ಹಿಗ್ಗಿಹೋದ. ಹುರಿದ ಕಡಲೆಕಾಯಿ ತಂದಿಟ್ಟ. ವಾರದಿಂದ ಮನೆ ಬಿಟ್ಟು ಹೊರಗೆ ಹೋಗಿರಲಿಲ್ಲವಂತೆ. ಜಿವಾನ ಅಂಗಡಿಗೆ ಒಂದು ಸಲ ಹೋಗಿ ಬಂದದ್ದಷ್ಟೇ. ಕಳ್ಳ ಕಾಪಿಯ ಸುದ್ದಿಯೇ ಅವನಿಗೆ ಮುಟ್ಟಿರಲಿಲ್ಲ.

"ಹನ್ನೊಂದ್ಸಲ ನೋಡ್ದೆ ಗುರೂ. ಜನ ನಗೋಕೆ ಮುಂಚೆ ನಾನು ನಗ್ಬೇಕಲ್ಲ. ಎಲ್ಲಾ ಹಸಿರಾಗಿ ಕಾಣ್ಸುತ್ತೆ, ಪರ್ವಾಗಿಲ್ಲ."

ರಿಕಾರ್ಡರ್ ಯಾಕೆ ಹಾಕಿದೆ ಎಂದೆ. ಅವನಿಗೆ ಓದು ಬರಹ ಬಾರದು. ಮಾತುಗಳನ್ನು ಬರೆದಿಟ್ಟುಕೊಳ್ಳಲಾಗದೆ, ಚಿತ್ರದ ಜೊತೆ ತನ್ನ ದನಿಯನ್ನೂ ಹಿಡಿದಿಟ್ಟು ತಿದ್ದಿಕೊಳ್ಳುತ್ತಾನೆ.

"ಮೊದಲ್ನೇ ಸಲ ಮಾತ್ರ ಬಾಯಿ ಬಿಡಲ್ಲ," ಎಂದ. "ಅದು ಸಿನಿಮಾಗೆ ನಾನು ಕೊಡೋ ಮರ್ಯಾದೆ."

ಜಿವಾ ಮಾರಿದ್ದು ಆ ಮೊದಲನೆಯದನ್ನೇ.

ಹೊರಗೆ ಪಿಕಪ್ ಬ್ರೇಕ್ ಹಾಕಿತು. ಟಿವಿಯ ಹಿಂದೆ ಬಗ್ಗಿ ಕೇಬಲ್ ಕಿತ್ತೆ. ಹಳದಿ ಟೇಪನ್ನು ಸುಲಿದು ಜೇಬಿಗೆ ಹಾಕಿಕೊಂಡೆ. ಕಯೊಂಡೊ ಇನ್ನೂ ಕಡಲೆಕಾಯಿ ಸುಲಿಯುತ್ತಿದ್ದ.

ಮೂವರು ಒಳಗೆ ನುಗ್ಗಿದರು.

"ಕೇಬಲ್ ಇದು. ಮನುಷ್ಯ ಇವನು," ಎಂದೆ. "ಕೈ ಬಿಟ್ಟುಬಿಡಿ. ಇವನು ಅನ್ನ ಸಂಪಾದಿಸೋದು ಬಾಯಿಂದ. ದವಡೆ ಮುರೀರಿ."

ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕಯೊಂಡೊನಿಗೆ ಇದು ತಮಾಷೆಯಂತೆ ಕಂಡಿರಬೇಕು. ನಗುತ್ತಲೇ ನನ್ನ ಕಡೆ ತಿರುಗಿದ.

"ಏ ಕಸಿರ್ಯೆ, ಇವರಿಗೆ ಹೇಳು ಗುರೂ, ಈ ಕೇಬಲ್ನ..."

ಮೊದಲ ಏಟು ನನ್ನದೇ. ಮಿಕ್ಕ ಕೆಲಸ ಅವರು ಮುಗಿಸಿದರು. ಅಂಥ ದನಿಯಿಂದ ಅಂಥ ಸದ್ದು ಹೊರಡುತ್ತದೆಂದು ನಾನು ಎಣಿಸಿರಲಿಲ್ಲ. ನಾಚಿಕೆಯಾಯಿತು. ಬೆರಳುಗಳನ್ನು ಮಡಚಿ ಬಿಡಿಸಿ ನೋಡಿಕೊಂಡೆ, ಹತ್ತೂ ಇದ್ದವು.

ಶುಕ್ರವಾರ ಎಲ್ಲ ಹಾಲ್‌ಗಳೂ ತುಂಬಿದವು. ಹಸಿರು ಮುಖ ನೋಡಿದವರೆಲ್ಲ ನಿಜವಾದ ಬಣ್ಣ ನೋಡಲು ಬಂದಿದ್ದರು. ಮೈಕ್ ಹಿಡಿದವನು ಬೇರೆ ಯಾರೋ. ಜನ ನಕ್ಕಮೇಲೆ ಅವನು ನಗುತ್ತಿದ್ದ.

ನಕಿಮೆರಾ ಹೋದ ತಿಂಗಳು ಮಣ್ಣಾದಳು. ಅದಕ್ಕೇ ಈಗ ಬಾಯಿ ಬಿಡುತ್ತಿದ್ದೇನೆ. ಈ ಅಂಗಡಿ ಅವಳೇ ಮೆಚ್ಚಿ ಕೊಟ್ಟದ್ದು. ಹಿಂದೆ ಬೆಸುಗೆ ಹಾಕುತ್ತಾ ಕೂತಿರುವವನು ಜಿವಾ. ಕೆನ್ನೆಯ ಕಲೆ ಕಾಣಿಸಿತೇ? ನಾವಿಬ್ಬರೂ ಒಬ್ಬರನ್ನೊಬ್ಬರು ಬಿಟ್ಟು ಹೋಗುವ ಹಾಗಿಲ್ಲ. ಎದುರಿನ ಕಂಬಕ್ಕೊರಗಿ ಗಂಜಿಯನ್ನು ಹೀರುಕೊಳವೆಯಲ್ಲಿ ಕುಡಿಯುತ್ತಿದ್ದಾನಲ್ಲ, ಅವನು ಕಯೊಂಡೊ. ದಿನಾ ಬರುತ್ತಾನೆ. ನಿಂತು ನೋಡುತ್ತಾನೆ, ಹೋಗುತ್ತಾನೆ.

ನಿಮ್ಮದು ಹೊಸ ಟಿವಿಯಾದರೆ ಎಚ್‌ಡಿಎಂಐ ಒಯ್ಯಿರಿ. ಹಳೆಯದಾದರೆ ಕೆಂಪನ್ನು ನಾನೇ ಪರೀಕ್ಷಿಸಿ ಮೂರು ಮೊನೆಯದು ಕೊಡುತ್ತೇನೆ. ನಂಬಿ ಒಯ್ಯಿರಿ... ನಾನು ಕೊಟ್ಟ ಕೇಬಲ್ ಬಗ್ಗೆ ಇವತ್ತಿನವರೆಗೂ ಒಬ್ಬನೂ ದೂರು ಹೇಳಿಲ್ಲ.