ಬೀಗ ಹಾಕಿದ ಕೋಣೆಯಲ್ಲಿ ನಾವಿಬ್ಬರೇ

"ಇಬ್ರೇನಾ ಬಂದಿರೋದು?" ಕೌಂಟರಿನಲ್ಲಿದ್ದ ವಾಜಿದ್ ಕೇಳಿದ.

ಭಾಗ್ಯಶ್ರೀ ಪಕ್ಕಕ್ಕೆ ತಿರುಗಿದಳು. ಹೆಲ್ಮೆಟ್ ಕೈಯಲ್ಲಿ ಹಿಡಿದು ಮಹೇಂದ್ರ ನಿಂತಿದ್ದ. ಎರಡು ತಿಂಗಳಿಂದ ಯಾರ ಮುಖ ನೋಡಬಾರದು ಎಂದು ತಲೆ ತಗ್ಗಿಸಿ ಓಡಾಡುತ್ತಿದ್ದಳೋ, ಅದೇ ಮುಖ!

'ಇವತ್ತೂ ಇವರ ಕೂಡನ ನಿಲ್ಲಬೇಕಾ ದೇವ್ರೇ...'

2017ರ ನವೆಂಬರಿನ ಒಂದು ಶನಿವಾರ ಮಧ್ಯಾಹ್ನ. ಸಂಜಯನಗರದ ಕಟ್ಟಡವೊಂದರ ಮೇಲಿನ ಮಹಡಿಯಲ್ಲಿ ಹೊಸದಾಗಿ ಎಸ್ಕೇಪ್ ರೂಮ್ ಶುರುವಾಗಿತ್ತು. ನಿಮ್ಮನ್ನು ಕೋಣೆಯೊಳಗೆ ಬಿಟ್ಟು ಬೀಗ ಹಾಕುತ್ತಾರೆ. ಒಳಗಿನ ಸುಳಿವುಗಳನ್ನು ಹುಡುಕಿ ಒಂದು ಗಂಟೆಯೊಳಗೆ ನೀವೇ ಬಾಗಿಲು ತೆರೆದುಕೊಂಡು ಬರಬೇಕು. ದುಡ್ಡು ಕೊಟ್ಟು ಬಂದಿಯಾಗುವ ಆಟ ಅನ್ನಿ!

ಭಾಗ್ಯಶ್ರೀ ಸೋಮವಾರದಿಂದ ತಮ್ಮ ಕಂಪನಿಯ ಹುಬ್ಬಳ್ಳಿ ಶಾಖೆಗೆ ಹೋಗುವವಳು. ಅವಳ ಬೀಳ್ಕೊಡುಗೆಗೆಂದೇ ಮ್ಯಾನೇಜರ್ ಕಲಾವತಿ ಮೇಡಂ ಈ ಆಟ ಬುಕ್ ಮಾಡಿದ್ದರು. ಆದರೆ ಬೀಳ್ಕೊಡಬೇಕಾದವರೆಲ್ಲ ಹೆಬ್ಬಾಳ ಫ್ಲೈಓವರಿನ ಮೇಲೆ ಕ್ಯಾಬಿನಲ್ಲಿ ಸಿಕ್ಕಿಹಾಕಿಕೊಂಡು ಕೂತಿದ್ದರು. ಪಿ.ಜಿ. ಹತ್ತಿರವೇ ಇದ್ದುದರಿಂದ ಇವಳು ನಡೆದು ಬಂದಿದ್ದಳು. ಅವನು ಕೊಡಿಗೇಹಳ್ಳಿಯಿಂದ ಗಲ್ಲಿ ಗಲ್ಲಿ ನುಗ್ಗಿ ಬೈಕಿನಲ್ಲಿ ಬಂದಿದ್ದ.

"ನಿಮ್ಮಾದ್ಮೇಲೆ ಇನ್ನೊಂದು ಟೀಮ್ ಇದೆ ಮೇಡಂ. ಕಾಯಕ್ಕಾಗಲ್ಲ," ಎಂದ ವಾಜಿದ್.

ಫೋನಿನಲ್ಲಿ ಕಲಾವತಿ ಮೇಡಂ, "ನೀವಿಬ್ರೂ ಆಡಿ ಕಣ್ರೀ, ಸುಮ್ನೆ ವೇಸ್ಟ್ ಯಾಕೆ?" ಎಂದು ಇಟ್ಟೇಬಿಟ್ಟರು.

ಆಟದ ನಿಯಮದಂತೆ ಇಬ್ಬರ ಫೋನುಗಳೂ ಕೌಂಟರಿನ ಡಬ್ಬಿ ಸೇರಿದವು. ಹಳೇ ಜಮೀನ್ದಾರನ ಬಂಗಲೆಯಂತೆ ಸಿಂಗರಿಸಿದ್ದ ಕೋಣೆಯ ಬಾಗಿಲು ಅವರ ಹಿಂದೆ ದಢಾರನೆ ಮುಚ್ಚಿಕೊಂಡಿತು.

ಇಬ್ಬರೂ ಒಂದೊಂದು ಕಡೆ ಹುಡುಕತೊಡಗಿದರು. ಅವಳು ಗೋಡೆಯ ಫೋಟೋಗಳನ್ನು ತಿರುಗಿಸಿದಳು. ಹಿಂದೆ ಅಂಕಿಗಳಿದ್ದವು. ಅವನು ಕಾರ್ಪೆಟ್ ಎತ್ತಿದ. ಕೆಳಗೆ ನಂಬರ್ ಬೀಗದ ಪೆಟ್ಟಿಗೆ ಇತ್ತು. ಅವಳು ಅಂಕಿ ಓದಿದಳು, ಅವನು ತಿರುಗಿಸಿದ. ಟಕ್! ಪೆಟ್ಟಿಗೆ ಬಾಯಿ ಬಿಟ್ಟಿತು.

ಆ ಒಂದು ಕ್ಷಣ ಇಬ್ಬರಿಗೂ ಮುನಿಸು ಮರೆತೇ ಹೋಗಿ ಒಬ್ಬರನ್ನೊಬ್ಬರು ನೋಡಿ ನಕ್ಕುಬಿಟ್ಟರು. ನೆನಪಾದ ಕೂಡಲೇ ಮುಖ ತಿರುಗಿಸಿಕೊಂಡರು.

ಹೀಗೆ ಜೊತೆಯಾಗಿ ಕೆಲಸ ಮಾಡುವುದು ಅವರಿಗೆ ಹೊಸತಲ್ಲ. ಕೆಂಪಾಪುರದ ಲಿಫ್ಟ್ ರಿಪೇರಿ ಕಂಪನಿಯಲ್ಲಿ ಇಬ್ಬರದೂ ಎದುರುಬದುರು ಮೇಜು. ಲಿಫ್ಟಿನಲ್ಲಿ ಸಿಕ್ಕಿಕೊಂಡವರ ಫೋನು ಅವಳಿಗೆ ಬರುತ್ತದೆ. ಅವಳು ಅವರನ್ನು ಮಾತಾಡಿಸುತ್ತಾ ಕೂರಬೇಕು, ಅಷ್ಟರಲ್ಲಿ ಅವನು ಮೆಕ್ಯಾನಿಕ್ ಕಳಿಸಬೇಕು. ವಿಜಯಪುರದ ಕಡೆಯ ಅವಳ ಮಾತಿನ ಧಾಟಿಗೇ ಎಷ್ಟೋ ಜನರ ಎದೆಬಡಿತ ಇಳಿಯುತ್ತಿತ್ತು. ಎದುರು ಮೇಜಿನವನದು ಮಾತ್ರ ಏರುತ್ತಿತ್ತು! ಪ್ರೀತಿ ಅಂತ ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಹೇಳುವುದೇನಿದೆ, ಇಡೀ ಆಫೀಸಿಗೇ ಕಾಣುತ್ತಿತ್ತು.

ಗೌರಿ ಹಬ್ಬದ ದಿನ ಅವನ ಅಮ್ಮ ಸೊಣ್ಣಮ್ಮ ಅವಳನ್ನು ಮನೆಗೆ ಕರೆದಿದ್ದರು. ಊಟವಾದ ಮೇಲೆ ಕೂರಿಸಿ, ಕುಂಕುಮ ಇಟ್ಟು, ಸೆರಗಿಗೆ ಅಕ್ಕಿ, ತೆಂಗಿನಕಾಯಿ, ರವಿಕೆ ಬಟ್ಟೆ ಹಾಕಿದ್ದರು.

ಅದಾದ ಮೇಲೆ ಮಹೇಂದ್ರ ಬದಲಾಗಿಬಿಟ್ಟ. ಕೆಲಸದ ಮಾತು ಬಿಟ್ಟರೆ ತುಟಿ ಬಿಚ್ಚಲಿಲ್ಲ. ಯಾಕೆಂದು ಅವಳಿಗೆ ತಿಳಿಯಲಿಲ್ಲ. ದಿನಾ ಆ ಮುಖ ನೋಡಿ ನರಳುವುದಕ್ಕಿಂತ ಊರಿನ ಕಡೆ ಹೋಗುವುದೇ ಮೇಲೆಂದು ವರ್ಗಾವಣೆ ಕೇಳಿದ್ದಳು.

ಪೆಟ್ಟಿಗೆಯಲ್ಲಿದ್ದ ಕೀಲಿ ಬೀರುವಿಗೆ ಹಿಡಿಯಿತು. ಬೀರುವಿನ ಹಿಂದೆ ಇನ್ನೊಂದು ಕಿರುಕೋಣೆ! ಇಬ್ಬರೂ ಒಳಗೆ ಕಾಲಿಟ್ಟರು. ಹಿಂದೆ ಬಾಗಿಲು ಮುಚ್ಚಿತು. ದೀಪ ಆರಿತು. ಮೂಲೆಯಲ್ಲೊಂದು ಕೆಂಪು ಬಟನ್ ಮಾತ್ರ ಮಿನುಗುತ್ತಿತ್ತು.

"ಭಾಗ್ಯಶ್ರೀ ಅವ್ರೇ..." ಮಹೇಂದ್ರನ ದನಿ ನಡುಗಿತು. "ನಂಗೆ... ಉಸಿರು ಕಟ್ತಾ ಇದೆ."

ನೂರಾರು ಲಿಫ್ಟಿಗೆ ಮೆಕ್ಯಾನಿಕ್ ಕಳಿಸಿದ ಮನುಷ್ಯ ಒಮ್ಮೆಯೂ ತಾನು ಒಳಗೆ ಸಿಕ್ಕಿಕೊಂಡವನಲ್ಲ.

ಮೇಲಿನ ಸ್ಪೀಕರಿನಿಂದ ವಾಜಿದನ ಧ್ವನಿ ಬಂತು. "ಸರ್, ಕಷ್ಟ ಆದ್ರೆ ಕೆಂಪು ಬಟನ್ ಒತ್ತಿ. ತಕ್ಷಣ ಬಾಗಿಲು ತೆಗೀತೀನಿ. ಗೇಮ್ ಅಲ್ಲಿಗೇ ಮುಗಿಯುತ್ತೆ."

ಅವನ ಕೈ ಬಟನಿನತ್ತ ಚಾಚಿತು.

ಅವಳ ಕೋಪವೆಲ್ಲ ಎಲ್ಲಿ ಹೋಯಿತೋ! ಹೆಡ್‌ಸೆಟ್ ಹಾಕಿಕೊಂಡಾಗಿನ ದನಿ ತಾನಾಗಿ ಹೊರಬಂತು.

"ಒತ್ತಬೇಕಂದ್ರ ಒತ್ರಿ, ನಾ ಏನೂ ಅನ್ನೂದಿಲ್ಲ. ಅದಕ್ಕಿಂತ ಮೊದಲ ನನ್ನ ಕೂಡ ಸ್ವಲ್ಪ ಮಾತಾಡ್ರಿ. ಕೆಳಗ ಕುಂದರ್ರಿ. ಹಾಂ... ಹಂಗ. ಬೆನ್ನು ಗೋಡೆಗೆ ಹಚ್ರಿ. ನಾಷ್ಟಾ ಏನ್ ಮಾಡಿದ್ರಿ?"

"ಅ... ಅಕ್ಕಿ ರೊಟ್ಟಿ."

"ಛಲೋ. ಮನ್ಯಾಗ ಯಾರ್ಯಾರು ಅದೀರಿ?"

ಇದು ಅವಳು ದಿನಾ ಕೇಳುವ ಪ್ರಶ್ನೆ. ಮನೆಯವರ ಹೆಸರು ಹೇಳುವಾಗ ಯಾರಿಗಾದರೂ ಉಸಿರು ಹದಕ್ಕೆ ಬರುತ್ತದೆ.

"ಅಪ್ಪ, ಅಮ್ಮ... ತಂಗಿ ಸರಳಾ ಗಂಡನ ಮನೇಲಿ. ಮತ್ತೆ..." ಅವನು ತಡೆದ. "ಮತ್ತೆ ನೀವು. ಅಮ್ಮ ನಿಮ್ಮನ್ನೂ ಮಗಳು ಮಾಡ್ಕೊಂಡ್ರಲ್ಲ."

"ಮಗಳು?!"

"ಮಡಿಲು ತುಂಬಿದ್ರಲ್ರೀ! ಗೌರಿ ಹಬ್ಬದಲ್ಲಿ ನಮ್ಮಲ್ಲಿ ಮನೆ ಹೆಣ್ಣುಮಕ್ಕಳಿಗೆ ತವರಿನ ಮಡಿಲಕ್ಕಿ ಕೊಡೋದು. ಸರಳಾ ಪಕ್ಕದಲ್ಲೇ ಕೂರಿಸಿ ನಿಮಗೂ ತುಂಬಿದ್ರು. ನೀವು ಕಣ್ಣಲ್ಲಿ ನೀರು ತುಂಬ್ಕೊಂಡು ನಗ್ತಾ ಸೆರಗೊಡ್ಡಿದ್ರಿ. ನನ್ನನ್ನ ಅಣ್ಣ ಅಂತ ಒಪ್ಕೊಂಡ ಹುಡುಗಿ ಹತ್ರ ನಾನು ಇನ್ನೇನ್ ಮಾತಾಡ್ಲಿ, ಹೇಳಿ?"

ಭಾಗ್ಯಶ್ರೀ ಕತ್ತಲಲ್ಲೇ ಹಣೆ ಚಚ್ಚಿಕೊಂಡಳು.

"ಅಯ್ಯೋ ಶಿವನೇ! ನಮ್ಮ ಕಡೆ ಗಂಡಿನ ಮನಿಯಾವ್ರು ಉಡಿ ತುಂಬಿದ್ರು ಅಂದ್ರ ಲಗ್ನ ಗೊತ್ತಾತು ಅಂತರೀ! ಸೊಸಿ ಅಂತ ಒಪ್ಕೊಂಡ್ರು ಅಂತ!"

"ಏನ್?"

"ಅವತ್ತ ಸಂಜೀಕ ಅವ್ವಗ ಫೋನ್ ಹಚ್ಚಿದೆ. ಅವ್ವ ಓಣಿ ತುಂಬ ಸಕ್ರಿ ಹಂಚಿದ್ಲು. ಬ್ಯಾರೆ ಜಾತಿ ಮಂದಿ ಅಂತ ಅಪ್ಪ ನನ್ನ ಕೂಡ ಮಾತೇ ಬಿಟ್ಟಿದ್ದ. ಅತ್ತೂ ಕರದೂ ಅವನ್ನ ಒಪ್ಪಿಸೀನಿ... 'ಹುಡುಗ ಛಲೋ ಅದಾನಂದ್ರ ಆತು, ಹಿರಿಯಾರು ಯಾವಾಗ ಬರ್ತಾರ?' ಅಂತ ಈಗ ದಿನಾ ಕೇಳ್ತಾನ. ನಾ ಏನ್ ಹೇಳ್ಲಿ? ಉಡಿ ತುಂಬಿದ ಮನಿಯಾವ್ರು ನನ್ನ ಕಡೆ ತಿರುಗಿ ಸುದ್ದಾ ನೋಡವಲ್ರು ಅಂತ ಹೇಳ್ಲಾ?"

ಕೊನೆಯ ಮಾತಿಗೆ ಅವಳ ಎರಡು ತಿಂಗಳ ಅಳು ಒಟ್ಟಿಗೆ ಬಂತು. ಅವನಿಗೆ ಬೇಡವಾದೆನೆಂದು ಅತ್ತ ರಾತ್ರಿಗಳೆಲ್ಲ ಸುಳ್ಳಾಗಿದ್ದವು. ಈಗಿನ ಅಳು ಮಾತ್ರ ಸಂತೋಷದ್ದು.

"ಭಾಗ್ಯಾ... ಅಳ್ಬೇಡಿ ಪ್ಲೀಸ್. ನಾನು ಒಂದೇ ಒಂದ್ ಮಾತು ಕೇಳಿದ್ರೆ..."

"ಕೇಳಲಿಲ್ಲಲ್ರೀ! ನಾ ಹೇಳ್ತೀನಿ, ಕೇಳ್ರಿ. ನನಗ ಅಣ್ಣ ಬ್ಯಾಡ. ಊರಾಗ ಸಿದ್ದಲಿಂಗ ಅಂತ ಒಬ್ಬ ಅದಾನ, ಸಾಕು! ನನಗ ನೀವು ಬೇಕು. ಮೊದ್ಲಿಂದನೂ ನೀವ ಬೇಕಾಗಿದ್ರಿ!"

ಹೇಳಿಬಿಟ್ಟಳು! ಎದೆ ಹಗುರಾಯಿತು.

ಸ್ಪೀಕರ್ ಮೆಲ್ಲಗೆ ಕೆಮ್ಮಿತು. "ಮೇಡಂ... ಡಿಸ್ಟರ್ಬ್ ಮಾಡ್ತಿರೋದಕ್ಕೆ ಸಾರಿ. ಇನ್ನು ಐದೇ ನಿಮಿಷ ಇದೆ."

"ಅಯ್ಯೋ! ನೀವು ಎಲ್ಲಾ ಕೇಳಿಸ್ಕೊಂಡ್ರೇನ್ರಿ?"

"ನನ್ನ ಕೆಲಸಾನೇ ಅದು ಮೇಡಂ!"

ಇಬ್ಬರೂ ಒಟ್ಟಿಗೆ ಎದ್ದರು. ಮಹೇಂದ್ರ ಕೆಂಪು ಬಟನಿನತ್ತ ತಿರುಗಿಯೂ ನೋಡಲಿಲ್ಲ. ಅವನ ಉಸಿರು ಯಾವಾಗ ಹದಕ್ಕೆ ಬಂದಿತೋ ಅವನಿಗೇ ಗೊತ್ತಿರಲಿಲ್ಲ. ಗೋಡೆ ತಡವುತ್ತಾ ಹೋದಾಗ ತಣ್ಣನೆಯ ತಗಡೊಂದು ಕೈಗೆ ತಾಗಿತು. ಅಂಗೈ ಆಕಾರದ ಹಿತ್ತಾಳೆ ತಗಡು.

"ಇಲ್ಲೊಂದಿದೆ!"

"ಈ ಗ್ವಾಡಿಗೂ ಒಂದೈತಿ!"

ಇಬ್ಬರೂ ಎದುರುಬದುರು ನಿಂತು ಅಂಗೈ ಇಟ್ಟರು. ಏನೂ ಆಗಲಿಲ್ಲ. ಒತ್ತಿದರು, ತಟ್ಟಿದರು, ಇನ್ನೊಂದು ಕೈ ಇಟ್ಟು ನೋಡಿದರು. ಬಾಗಿಲು ಜಪ್ಪಯ್ಯ ಅನ್ನಲಿಲ್ಲ.

"ಎರಡು ನಿಮಿಷ ಸರ್!"

ಭಾಗ್ಯಶ್ರೀ ಕಣ್ಣು ಮುಚ್ಚಿ ಯೋಚಿಸಿದಳು. 'ಲಿಫ್ಟ್ ಯಾಕ ನಿಂತೈತಿ ಅಂತ ಕೇಳಿದಾಗೆಲ್ಲ ಮೆಕ್ಯಾನಿಕ್ ಏನಂತಾರ? ವೈರ್ ಎಲ್ಲೋ ಬಿಟ್ಟೈತಿ, ಕರೆಂಟ್ ಸುತ್ತು ಬರವಲ್ದು ಅಂತಾರ...'

"ಹೊಳೀತು! ನಡುವ ನಾವ ವೈರ್ ಆಗ್ಬೇಕು. ಕೈ ತಗೀಬ್ಯಾಡ್ರಿ. ಇನ್ನೊಂದ್ ಕೈ ಇಕಡೆ ಕೊಡ್ರಿ!"

ಅವನು ಕೈ ಚಾಚಿದ. ಅವಳೂ ಚಾಚಿದಳು. ಬೆರಳ ತುದಿ ತಾಗಿತು, ಜಾರಿತು. ಇಬ್ಬರೂ ತುದಿಗಾಲಲ್ಲಿ ನಿಂತು ಇನ್ನಷ್ಟು ಬಾಗಿದರು. ಅವಳ ಕೈ ಅವನ ಮುಷ್ಟಿಯೊಳಗೆ ಬಂತು. ಅವನು ಗಟ್ಟಿಯಾಗಿ ಹಿಡಿದ.

ಖಟ್!

ದೀಪಗಳೆಲ್ಲ ಒಮ್ಮೆಲೇ ಹತ್ತಿಕೊಂಡವು. ಎದುರಿನ ಗೋಡೆಯೇ ಬಾಗಿಲಾಗಿ ತೆರೆಯಿತು!

"ಗೆದ್ವಿ!" ಭಾಗ್ಯಶ್ರೀ ಕಿರುಚಿದಳು. "ಗೆದ್ವಿ ಕಣ್ರೀ!" ಎಂದು ಅವನೂ ಕಿರುಚಿದ. ಹೊರಗೆ ವಾಜಿದ್ ಎರಡೂ ಕೈಯೆತ್ತಿ ಚಪ್ಪಾಳೆ ಹೊಡೆಯುತ್ತಿದ್ದ. "ಇಬ್ಬರೇ ಆಡಿ ಈ ರೂಮಿಂದ ಹೊರಗೆ ಬಂದವ್ರು ನೀವೇ ಮೊದಲು!"

ಆಗಷ್ಟೇ ಬಂದಿಳಿದಿದ್ದ ಆಫೀಸಿನ ಮಂದಿ ಬಾಗಿಲಲ್ಲಿ ಬಾಯಿ ಬಿಟ್ಟು ನಿಂತಿದ್ದರು. ಎಲ್ಲರ ಕಣ್ಣೂ ಇನ್ನೂ ಬಿಡದೆ ಹಿಡಿದುಕೊಂಡಿದ್ದ ಆ ಎರಡು ಕೈಗಳ ಮೇಲೆ.

"ಮೇಡಂ, ನಾ ಹುಬ್ಬಳ್ಳಿಗೆ ಹೋಗೂದಿಲ್ರೀ," ಎಂದಳು ಭಾಗ್ಯಶ್ರೀ.

ಕಲಾವತಿ ಮೇಡಂ ಸೊಂಟದ ಮೇಲೆ ಕೈಯಿಟ್ಟರು. "ಸದ್ಯ! ನಿಮ್ಮ ಜಾಗಕ್ಕೆ ಇನ್ನೂ ಯಾರೂ ಸಿಕ್ಕಿಲ್ಲ ಕಣ್ರೀ. ಹುಬ್ಬಳ್ಳಿಯವರಿಗೆ ನಾನು ಹೇಳ್ಕೋತೀನಿ, ಬಿಡಿ."

ಮಹೇಂದ್ರ ಡಬ್ಬಿಯಿಂದ ಫೋನು ತೆಗೆದು ಮನೆಗೆ ಮಾಡಿ, ಸ್ಪೀಕರಿಗೆ ಹಾಕಿದ. ಅಮ್ಮನಿಗೆ ನಡೆದದ್ದನ್ನೆಲ್ಲ ಹೇಳಿದ.

"ಅಯ್ ನಿನ್ ಮುಖಕ್ಕಿಷ್ಟು!" ಸೊಣ್ಣಮ್ಮನ ದನಿ ಎಲ್ಲರಿಗೂ ಕೇಳಿಸಿತು. "ಅಬ್ಬದ್ ದಿನ ತವರು ದೂರ ಇರೋ ಎಣ್ಮಗ, ಬರಿ ಸೆರಗಲ್ಲಿ ಎಂಗ್ ಕಳ್ಸಾದು ಅಂತ ತುಂಬ್ದೆ ಕಣ್ಲಾ! ನೀನು ಇಷ್ಟಪಟ್ಟಿದ್ದೀಯ ಅಂತ ಬಾಯ್ಬಿಟ್ಟು ಏಳಿದ್ಯಾ? ಏಳಿದ್ರೆ ಇಷ್ಟೊತ್ಗೆ ಅವರೂರ್ಗೇ ಓಗ್ಬಿಟ್ಟಿರ್ತಿದ್ದೆ. ನಾಳಿದ್ದೇ ಓಗಾನ. ಬಸ್ ಟಿಕೆಟ್ ಮಾಡ್ಸು!"

ಇಡೀ ಗುಂಪು ಹೋ ಎಂದು ನಕ್ಕಿತು. ಭಾಗ್ಯಶ್ರೀ ಮಾತ್ರ ನಗಲಿಲ್ಲ. ಅವನನ್ನೇ ನೋಡುತ್ತಿದ್ದಳು.

"ನಾ ಹೇಳೂದು ಹೇಳಿದೆ. ನಿಮ್ಮ ಅವ್ವಾರೂ ಹೇಳಿದ್ರು. ನೀವ ಇನ್ನೂ ಏನೂ ಹೇಳಿಲ್ಲ."

"ಇಲ್ಲೇನಾ? ಇಷ್ಟ್ ಜನದ ಮುಂದೆ?"

"ಹೂಂ. ಎಲ್ಲಾರ ಮುಂದನ."

ಅವನ ಕಿವಿ ಕೆಂಪಾಯಿತು. ಒಮ್ಮೆ ನೆಲ ನೋಡಿದ. ಆಮೇಲೆ ತಲೆಯೆತ್ತಿ, ಕೆಳಗಿನ ರಸ್ತೆಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದ.

"ಭಾಗ್ಯಾ, ನಂಗೆ ನೀವಂದ್ರೆ ಪ್ರಾಣ. ನನ್ನ ಮದುವೆ ಆಗ್ತೀರಾ?"

ಅವಳು ಕಣ್ಣೊರೆಸಿಕೊಂಡು, ಎಲ್ಲರ ಮುಂದೆಯೇ ಅವನ ಹತ್ತಿರಕ್ಕೆ ಬಂದು ನಿಂತಳು.

"ಆಗ್ತೀನ್ರೀ. ಖುಷೀಲೆ ಆಗ್ತೀನಿ."